ದೇವನಹಳ್ಳಿಯ ವಿಮಾನ ನಿಲ್ದಾಣ: ಪ್ರಯಾಣಿಕರಿಗೊಂದು ಪರಿಚಯ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಅನೇಕ ಮನೆಗಳ ಮಕ್ಕಳು ಇಂದು ಪರದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ಮೊಮ್ಮಕ್ಕಳ ಮುಖ ಕಾಣುವ ಹಂಬಲವಿದ್ದರೂ, ‘ಅಷ್ಟು ದೊಡ್ಡ ನಿಲ್ದಾಣದಲ್ಲಿ ದಾರಿ ತಪ್ಪಿದರೆ ಹೇಗೆ?’ ಎಂಬ ಅಳುಕಿನಿಂದ ಹಿಂಜರಿಯುವ ತಂದೆ-ತಾಯಿಗಳು ಕಡಿಮೆಯಲ್ಲ. ಆ ಅಳುಕನ್ನು ದೂರಮಾಡುವುದೇ ಈ ಲೇಖನದ ಉದ್ದೇಶ.

ಬೆಂಗಳೂರು ನಗರದಿಂದ ಸುಮಾರು 35 ಕಿ.ಮೀ. ದೂರದಲ್ಲಿ, ದೇವನಹಳ್ಳಿಯ ಬಳಿ ಈ ನಿಲ್ದಾಣವು 2008ರ ಮೇ 24ರಂದು ಕಾರ್ಯಾರಂಭ ಮಾಡಿತು. 2013ರಲ್ಲಿ ಇದಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನಿಡಲಾಯಿತು. 2022ರ ನವೆಂಬರ್ 11ರಂದು ಎರಡನೆಯ ಟರ್ಮಿನಲ್ ಹಾಗೂ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಉದ್ಘಾಟನೆಗೊಂಡವು. ಬಿದಿರು ಮತ್ತು ಹಸಿರು ಗಿಡಬಳ್ಳಿಗಳಿಂದ ಅಲಂಕೃತವಾದ ಈ ಕಟ್ಟಡಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಪರದೇಶದ ವಿಮಾನಗಳ ಸಂಚಾರವು ವರ್ಗಾವಣೆಗೊಂಡಿತು. ಸಾಂಬ್ರಾದಿಂದ ವಿಮಾನದಲ್ಲಿ ಬಂದು ಒಂದನೆಯ ಟರ್ಮಿನಲ್‌ನಲ್ಲಿ ಇಳಿದವರು ಅಲ್ಲಿಂದ ಬಸ್ಸಿನಲ್ಲಿ ಎರಡನೆಯದಕ್ಕೆ ಹೋಗಬೇಕು.

ಪರದೇಶಕ್ಕೆ ಹೊರಟವರು ಮೂರು ಗಂಟೆ ಮುಂಚಿತವಾಗಿ ತಲುಪುವುದು ಲೇಸು. ಪ್ರವೇಶದ್ವಾರದಲ್ಲಿ ಟಿಕೆಟ್ಟು, ಪಾಸ್‌ಪೋರ್ಟುಗಳ ಪರಿಶೀಲನೆ, ವಿಮಾನ ಸಂಸ್ಥೆಯ ಕೌಂಟರಿನಲ್ಲಿ ದೊಡ್ಡ ಗಂಟುಗಳನ್ನೊಪ್ಪಿಸಿ ಬೋರ್ಡಿಂಗ್ ಪಾಸ್ ಪಡೆಯುವುದು, ವಲಸೆ ಅಧಿಕಾರಿಯಿಂದ ಪಾಸ್‌ಪೋರ್ಟಿಗೆ ಮುದ್ರೆ, ಭದ್ರತಾ ತಪಾಸಣೆ, ಕೊನೆಗೆ ವಿಮಾನವೇರುವ ಗೇಟು. ಇವಿಷ್ಟೇ ಹಂತಗಳು. ಗೇಟಿನ ಸಂಖ್ಯೆ ಬದಲಾಗಬಹುದಾದ್ದರಿಂದ ಫಲಕವನ್ನು ಮತ್ತೆ ಮತ್ತೆ ನೋಡುತ್ತಿರಬೇಕು.

ತಾಯಂದಿರು ಅಕ್ಕರೆಯಿಂದ ಕಟ್ಟುವ ಬುತ್ತಿಗೂ ನಿಯಮಗಳುಂಟು. ಕೈಚೀಲದಲ್ಲಿ ತುಪ್ಪ, ಎಣ್ಣೆಯಂತಹ ದ್ರವಗಳು ತಲಾ 100 ಮಿಲಿಲೀಟರ್ ಮೀರಬಾರದು. ಉಪ್ಪಿನಕಾಯಿಯನ್ನು ಅದರಲ್ಲಿ ಇಡದಿರುವುದೇ ಒಳ್ಳೆಯದು. ಎಣ್ಣೆಯಂಶದಿಂದ ಬೆಂಕಿ ಹೊತ್ತುವ ಭಯವಿರುವುದರಿಂದ ಒಣಕೊಬ್ಬರಿಯನ್ನು ಮನೆಯಲ್ಲಿಯೇ ಬಿಡಬೇಕು. ಕೊರಳಲ್ಲಿಯ ಬೆಳ್ಳಿಯ ಕರಡಿಗೆಯಿಂದ ತಪಾಸಣಾ ಯಂತ್ರ ಸದ್ದು ಮಾಡಿದರೆ ಗಾಬರಿಯಾಗಬೇಕಿಲ್ಲ. ಅದು ಇಷ್ಟಲಿಂಗವೆಂದು ಸಮಾಧಾನದಿಂದ ತಿಳಿಸಬೇಕು.

ಫಲಕಗಳು ಕನ್ನಡದಲ್ಲಿಯೂ ಇವೆ. ನಡೆಯಲಾರದ ವೃದ್ಧರಿಗೆ ಗಾಲಿಕುರ್ಚಿಯೂ ಅದನ್ನು ತಳ್ಳುವ ಸಹಾಯಕರೂ ದೊರೆಯುತ್ತಾರೆ. ಆದರೆ ಟಿಕೆಟ್ಟು ಕಾಯ್ದಿರಿಸುವಾಗಲೇ ವಿಮಾನ ಸಂಸ್ಥೆಗೆ ಆ ವಿಷಯವನ್ನು ತಿಳಿಸಿರಬೇಕು.

ಆದ್ದರಿಂದ ಪರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ತಂದೆ-ತಾಯಿಗಳಿಗೆ ಟಿಕೆಟ್ಟು ಕಳಿಸಿದರಷ್ಟೇ ಸಾಲದು. ವಿಮಾನದ ಸಂಖ್ಯೆ, ಟರ್ಮಿನಲ್, ಮೇಲಿನ ಐದು ಹಂತಗಳು, ನಿಮ್ಮ ದೂರವಾಣಿ ಸಂಖ್ಯೆ ಇವನ್ನು ಸ್ವಚ್ಛ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಅವರ ಕೈಗೆ ಮುಟ್ಟಿಸಿರಿ. ಅಕ್ಷರ ಕಲಿಸಿದ ಹಿರಿಯರಿಗೆ ಅಕ್ಷರದಿಂದಲೇ ದಾರಿ ತೋರುವ ಅವಕಾಶವಿದು.