ಕುರ್ಚಿ ಸರಿಸಿದರೆ ಬೇಸ್ ಹಾಜರ್!

ಸ್ಪೀಕರಿನಿಂದ ಹೊರಟ ತಳದ ಸ್ವರವೊಂದು ಕೋಣೆಯ ನಡುಮಧ್ಯೆ ಕೂತವನ ಕಿವಿಗೆ ಬೀಳುವುದೇ ಇಲ್ಲ. ಅವನ ಬೆನ್ನ ಹಿಂದಿನ ಗೋಡೆಗೆ ಒರಗಿದವನಿಗೆ ಮಾತ್ರ ಅದೇ ಸ್ವರ ಗುಡುಗುಡು ಅನ್ನುತ್ತದೆ! ಕಣ್ಕಟ್ಟಲ್ಲ, ಯಂತ್ರದ ದೋಷವೂ ಅಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೇ ಸೂರ್ಯ ಮುಳುಗುವ ಸ್ವೀಡನ್ನಿನ ಓರೆಬ್ರೂ ಊರಿನ ಒಂದು ಬಾಡಿಗೆ ಮನೆಯಲ್ಲಿ, ಗೆಳೆಯನ ಎಂಟು ಇಂಚಿನ ವೂಫರಿನ ಜೋಡಿ ಮಾನಿಟರ್ ಸ್ಪೀಕರುಗಳ ಮುಂದೆ ಕೂತು ಇದನ್ನು ಕಿವಿಯಾರೆ ಕೇಳಿದೆ. ಕುರ್ಚಿಯನ್ನು ಒಂದೆರಡು ಅಡಿ ಎಳೆದದ್ದಷ್ಟೇ. ಕಾಣೆಯಾಗಿದ್ದ ಬೇಸ್ ಗಿಟಾರ್ ಬಾಗಿಲು ತೆಗೆದು ಒಳಗೆ ಬಂದು ನಿಂತಿತು!

ಊರಾದರೂ ಎಂಥದ್ದು ನೋಡಿ. ಒಂದೂವರೆ ಲಕ್ಷ ಜನರಿರುವ ಈ ಪುಟ್ಟ ನಗರಸಭೆಯಲ್ಲಿ ಸ್ವೀಡಿಷ್ ಚೇಂಬರ್ ಆರ್ಕೆಸ್ಟ್ರಾ ಇದೆ. 1995ರಲ್ಲಿ ಹುಟ್ಟಿದ ಮೇಳ, ನಲವತ್ತರ ಆಸುಪಾಸು ವಾದಕರು. 1997ರಿಂದ 2019ರವರೆಗೆ ಥಾಮಸ್ ಡೌಸ್‌ಗೋರ್ ನಡೆಸಿದ ಈ ಮೇಳ ಇಲ್ಲಿನ ಕಾನ್ಸರ್ಟ್ ಹಾಲ್‌ನಲ್ಲಿ ಸಂಯೋಜಕ ಷೂಮನ್‌ನ ಸಿಂಫನಿಗಳನ್ನು ಬಿಸ್ ಕಂಪನಿಗಾಗಿ ಧ್ವನಿಮುದ್ರಿಸಿದೆ. ಅದೇ ಊರಿನಲ್ಲಿ 1992ರಲ್ಲಿ ನಾಸುಮ್ ಎಂಬ ತಂಡವೂ ಹುಟ್ಟಿತು. ಅದರದು ಗ್ರೈಂಡ್‌ಕೋರ್, ಅಂದರೆ ಗೋಡೆ ಒಡೆಯುವಂಥ ಅಬ್ಬರ. ಅದರ ಗಾಯಕ ಮಿಯೆಷ್ಕೊ ತಲಾರ್ಚಿಕ್ ಇಲ್ಲೇ ಸೌಂಡ್‌ಲ್ಯಾಬ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ. 2004ರ ಸುನಾಮಿ ಥಾಯ್ಲೆಂಡಿನಲ್ಲಿ ಅವನನ್ನು ಕೊಂಡೊಯ್ದಿತು. ಷೂಮನ್‌ಗೂ ನಾಸುಮ್‌ಗೂ ಏನು ಸಂಬಂಧ ಅಂತೀರಾ? ಎರಡನ್ನೂ ಒಂದೇ ಜೋಡಿ ಮಾನಿಟರಿನಲ್ಲಿ ಕೇಳಿದಾಗ, ಎರಡರಲ್ಲೂ ತಳದ ಸ್ವರ ಒಂದೇ ಜಾಗದಲ್ಲಿ ಮಾಯವಾದರೆ, ಕಳ್ಳ ಹಾಡಿನಲ್ಲಿಲ್ಲ, ಕೋಣೆಯಲ್ಲಿದ್ದಾನೆ!

ಲೆಕ್ಕ ಬಲು ಸುಲಭ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆ 4 ಮೀಟರ್ ಉದ್ದವಿದ್ದರೆ 43 ಹರ್ಟ್ಜ್‌ನ ಅಲೆಯ ಅರ್ಧ ಭಾಗ ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುತ್ತದೆ. ಗೋಡೆಗಳ ಬಳಿ ಅಬ್ಬರ, ನಟ್ಟನಡುವೆ ಮೌನ. ಬೇಸ್ ಗಿಟಾರಿನ ಅತಿ ದಪ್ಪ ತಂತಿ, ಡಬಲ್ ಬೇಸಿನ ಅತಿ ದಪ್ಪ ತಂತಿ, ಎರಡೂ ಸಾಮಾನ್ಯವಾಗಿ ನುಡಿಯುವುದು 41 ಹರ್ಟ್ಜ್‌ನಲ್ಲಿ. ನಡುವೆ ಕೂತು ಮಿಕ್ಸ್ ಮಾಡುವವನು ಬೇಸ್ ಕೇಳಿಸುತ್ತಿಲ್ಲವೆಂದು ಏರಿಸುತ್ತಾನೆ, ಏರಿಸುತ್ತಲೇ ಹೋಗುತ್ತಾನೆ. ಕೊನೆಗೆ ಆ ಹಾಡು ಕಾರಿನಲ್ಲಿ ಮೊಳಗಿದಾಗ ಗಾಜು ಅದುರುತ್ತದೆ! ಅದಕ್ಕೇ ಸ್ಟುಡಿಯೋದವರು ಮುಂಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಲ್ಲಿ ಕುರ್ಚಿ ಹಾಕಿ ಶುರುಮಾಡುತ್ತಾರೆ. 4 ಮೀಟರಿಗೆ ಅದು ಒಂದೂವರೆ ಮೀಟರ್. ಶಾಸನವೇನಲ್ಲ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಸರಿದು ಹುಡುಕಬೇಕು.

ಈಗ ನಮ್ಮ ಕಡೆಯ ಮನೆ ನೆನೆಸಿಕೊಳ್ಳಿ. ಹತ್ತಡಿಗೆ ಹತ್ತಡಿ ರೂಮು, ಸೀಲಿಂಗೂ ಹತ್ತಡಿ! ಹತ್ತಡಿಯಲ್ಲಿ ಅರ್ಧ ಭಾಗ ಕೂರುವ ಅಲೆ 56 ಹರ್ಟ್ಜ್‌ನದು. ಉದ್ದ, ಅಗಲ, ಎತ್ತರ ಮೂರೂ ಸೇರಿ ಒಂದೇ ಸ್ವರವನ್ನು ಹಿಗ್ಗಿಸುತ್ತವೆ. ಸಾಲದ್ದಕ್ಕೆ ಸಿಮೆಂಟು ಗೋಡೆ; ಜಿಪ್ಸಂ ಹಲಗೆಯ ಗೋಡೆಯಾದರೆ ತಳದ ಸ್ವರವನ್ನು ಒಂದಿಷ್ಟು ನುಂಗುತ್ತದೆ, ಕಾಂಕ್ರೀಟು ಬಹುಪಾಲು ಹಿಂದಕ್ಕೇ ಒದೆಯುತ್ತದೆ. ಬೆಂಗಳೂರಿನಲ್ಲಿ ಮನೆಯಲ್ಲೇ ಸ್ಟುಡಿಯೋ ಕಟ್ಟುವ ಹುಡುಗರು ದುಬಾರಿ ಮಾನಿಟರ್ ತಂದು ಇಂಥ ಚೌಕ ಕೋಣೆಯಲ್ಲಿಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇದನ್ನು ತಿದ್ದಲು ಸಾಫ್ಟ್‌ವೇರ್ ಇದೆಯಲ್ಲ? ಇದೆ. ಸ್ವೀಡನ್ನಿನದೇ ಉಪ್ಸಾಲದಲ್ಲಿ 2001ರಲ್ಲಿ ಶುರುವಾದ ಡಿರಾಕ್ ಕಂಪನಿ ಕೋಣೆಯ ದನಿಯನ್ನು ಅಳೆದು ತಿದ್ದುವುದರಲ್ಲೇ ಹೆಸರು ಮಾಡಿದೆ. ಉಬ್ಬನ್ನು ತಗ್ಗಿಸುವುದು ಸುಲಭ. ಆದರೆ ಅಲೆಗಳು ಒಂದನ್ನೊಂದು ಅಳಿಸಿಹಾಕಿದ ಹೊಂಡವನ್ನು ತುಂಬಲು ಹೋಗಿ ನೋಡಿ! ದನಿ ಏರಿಸಿದಷ್ಟೂ ಗೋಡೆಯಿಂದ ಮರಳುವ ಅಲೆಯೂ ಏರುತ್ತದೆ, ಅಳಿಸಾಟ ಹಾಗೇ ಮುಂದುವರಿಯುತ್ತದೆ.

ಸ್ಪೀಕರನ್ನೂ ಹೀಗೇ ಎಲ್ಲೋ ಇಡುವಂತಿಲ್ಲ. ಅದರ ಬೆನ್ನ ಹಿಂದಿನ ಗೋಡೆಗೆ ಒಂದು ಮೀಟರ್ ಅಂತರವಿದ್ದರೆ 86 ಹರ್ಟ್ಜ್ ಆಸುಪಾಸಿನಲ್ಲಿ ಸ್ವರ ಕುಸಿಯುತ್ತದೆ. ಗೋಡೆಗೆ ಆನಿಸಿಟ್ಟರೆ ಆ ಕುಸಿತ ಮೇಲಿನ ಸ್ವರಗಳಿಗೆ ಸರಿದು ಪಳಗಿಸಲು ಸುಲಭವಾಗುತ್ತದೆ, ಬೇಸ್ ಮಾತ್ರ ಉಬ್ಬುತ್ತದೆ. ಅದನ್ನು ಇಳಿಸಲೆಂದೇ ಎಷ್ಟೋ ಮಾನಿಟರುಗಳ ಬೆನ್ನಿನಲ್ಲಿ ಪುಟ್ಟ ಸ್ವಿಚ್ಚಿದೆ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಮೇಲಿನ ಸ್ವರ ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ.

ಮುಂದಿನದು ಓರೆಬ್ರೂವಿನ ಅದೇ ಕೋಣೆಯಲ್ಲಿ ನನ್ನನ್ನು ದಂಗುಬಡಿಸಿದ ಕ್ಷಣ. ನಾನು ಕುರ್ಚಿಯಲ್ಲಿ ಅಲುಗದೆ ಕೂತೆ. ಗೆಳೆಯ ಮುಖ ನೋಡಿಕೊಳ್ಳುವ ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಸರಿಸುತ್ತ ಹೋದ. "ಟ್ವೀಟರ್ ಕಂಡ ತಕ್ಷಣ ಕೂಗು ಮಾರಾಯ!" ಕಂಡಿತು. ಮೊದಲ ಪ್ರತಿಧ್ವನಿ ನನ್ನ ಕಿವಿಗೆ ಬಡಿಯುವುದು ಅಲ್ಲಿಂದಲೇ! ಪೆನ್ಸಿಲಿನಲ್ಲಿ ಗುರುತು ಹಾಕಿ, ಎರಡೂ ಬದಿಗೆ ರಾಕ್‌ವೂಲ್ ತುಂಬಿದ ದಪ್ಪ ಹಲಗೆ ನಿಲ್ಲಿಸಿದೆವು. ಮೋನೋ ಮಾಡಿ ಒಂದು ಭಾವಗೀತೆ ಹಾಕಿದರೆ, ಅಬ್ಬಾ! ಅದುವರೆಗೆ ಅಗಲವಾಗಿ ಹರಡಿದ್ದ ಕಂಠ ಏನೂ ಇಲ್ಲದ ಖಾಲಿ ನಡುಜಾಗದಲ್ಲಿ ಚುಕ್ಕಿಯಾಗಿ ನಿಂತಿತು. ಉಸಿರು ಎಳೆದುಕೊಳ್ಳುವುದೂ ಕೇಳಿಸಿತು.

ತಮಾಷೆಯೆಂದರೆ, ಇದೇ ದೇಶದ ಸ್ಟಿಗ್ ಕಾರ್ಲ್‌ಸನ್ (1925-1997) ಸೋನಾಬ್ ಸ್ಪೀಕರುಗಳನ್ನು ರೂಪಿಸಿದ್ದು ಇದಕ್ಕೆ ತದ್ವಿರುದ್ಧವಾಗಿ. ಅವುಗಳನ್ನು ಗೋಡೆಗೆ ಆನಿಸಿ ಇಡಬೇಕು, ಕೋಣೆಯ ಪ್ರತಿಧ್ವನಿಯನ್ನೂ ಕೇಳ್ಮೆಯೊಳಗೆ ಸೇರಿಸಿಕೊಳ್ಳಬೇಕು! ಮನೆಮಂದಿಯೆಲ್ಲ ಕೂತು ಹಾಡು ಕೇಳುವುದಕ್ಕೆ ಅದು ಸೊಗಸು. ಮಿಕ್ಸಿನ ತಪ್ಪು ಹಿಡಿಯಲು ನನ್ನ ಮತ ಕನ್ನಡಿ ಮತ್ತು ರಾಕ್‌ವೂಲಿಗೇ.

ಇನ್ನೊಂದು ಮಾತು. ದನಿಯ ಮಟ್ಟ ಪದೇಪದೇ ಬದಲಿಸಬೇಡಿ. ಮೆಲ್ಲನೆ ಕೇಳಿದಾಗ ನಮ್ಮ ಕಿವಿಯೇ ಬೇಸನ್ನು ಕಡಿಮೆ ಗ್ರಹಿಸುತ್ತದೆ ಎಂದು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಹೊಸ ಸ್ಪೀಕರಿಗೆ ದುಡ್ಡು ಎಣಿಸುತ್ತಿದ್ದೀರಾದರೆ ಒಂದು ವಾರ ತಡೆಯಿರಿ. ಅಳತೆ ಟೇಪು, ಕನ್ನಡಿ, ಕನ್ನಡಿ ಹಿಡಿಯಲು ಒಬ್ಬ ಗೆಳೆಯ, ಇಷ್ಟು ಜೊತೆಮಾಡಿಕೊಂಡು ಈಗಿರುವ ಜೋಡಿಯನ್ನೇ ಸರಿಸಿ ನೋಡಿ.