ಎಐ ‘ಕೃತಕ ಸೂರ್ಯ’ನಿಂದ ಪುಕ್ಕಟೆ ಕರೆಂಟ್ ಬರುತ್ತಾ? ಫಾರ್ವರ್ಡ್ ಮಾಡುವ ಮುನ್ನ ಓದಿ

“ಕೃತಕ ಬುದ್ಧಿಮತ್ತೆ ಕೃತಕ ಸೂರ್ಯನನ್ನೇ ಸೃಷ್ಟಿಸಿದೆ, ಇನ್ನು ಕರೆಂಟ್ ಬಿಲ್ ಇರಲ್ಲ, ಒಂದು ಲೀಟರ್ ನೀರು 300 ಲೀಟರ್ ಪೆಟ್ರೋಲಿಗೆ ಸಮ.” ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ನಂಜನಗೂಡಿನಲ್ಲಿ ಸಣ್ಣ ಕಾರ್ಖಾನೆ ನಡೆಸುವವರಿಗೂ ಟಿ. ನರಸೀಪುರದಲ್ಲಿ ಪಂಪ್‌ಸೆಟ್ ನಂಬಿದ ರೈತರಿಗೂ ‘ಹಾಗಾದರೆ ಸೋಲಾರ್ ಯಾಕೆ ಹಾಕಿಸಬೇಕು?’ ಎಂಬ ಪ್ರಶ್ನೆ ಬರುವುದು ಸಹಜ. ಒಂದೊಂದಾಗಿ ನೋಡೋಣ.

ಏನಿದು ಕೃತಕ ಸೂರ್ಯ?

ನಮ್ಮ ಕೈಗಾದಲ್ಲಿ ಯುರೇನಿಯಂ ಪರಮಾಣುವಿನ ಬೀಜವನ್ನು ಒಡೆದು ಶಾಖ ಪಡೆಯುತ್ತಾರೆ. ಅದು ವಿದಳನ. ಸೂರ್ಯನಲ್ಲಿ ಹೈಡ್ರೋಜನ್ ಬೀಜಗಳು ಒಂದಾಗಿ ಶಾಖ ಕೊಡುತ್ತವೆ. ಇದು ಸಮ್ಮಿಲನ. ಇದನ್ನು ಭೂಮಿಯ ಮೇಲೆ ಮಾಡಲು ಅನಿಲವನ್ನು ಸುಮಾರು 15 ಕೋಟಿ ಡಿಗ್ರಿಗೆ ಕಾಯಿಸಬೇಕು, ಅಂದರೆ ಸೂರ್ಯನ ಒಡಲಿಗಿಂತ ಹತ್ತು ಪಟ್ಟು ಬಿಸಿ. ಅಷ್ಟು ಬಿಸಿಯಾದ ಪ್ಲಾಸ್ಮಾವನ್ನು ಯಾವ ಪಾತ್ರೆಯೂ ತಾಳದು. ಹಾಗಾಗಿ ‘ಟೋಕಮ್ಯಾಕ್’ ಎಂಬ ಉಂಗುರದಾಕಾರದ ಯಂತ್ರದಲ್ಲಿ, ಆಯಸ್ಕಾಂತಗಳ ಬಲದಿಂದ ಗೋಡೆಗೆ ತಾಗದಂತೆ ಹಿಡಿದಿಡುತ್ತಾರೆ.

ಇದರಲ್ಲಿ ಎಐ ಕೆಲಸ ಏನು?

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ಎಳೆಯುವವರು ಸಾವಿರಾರು ಮಂದಿ. ಆದರೆ ತೇರು ಅತ್ತಿತ್ತ ಹೋಗದಂತೆ ಚಕ್ರಕ್ಕೆ ಮರದ ತುಂಡು ಕೊಟ್ಟು ದಾರಿಗೆ ತರುವವರು ಬೇರೆಯೇ ಇರುತ್ತಾರೆ. ಎಐ ಮಾಡುವುದು ಈ ಎರಡನೆಯವರ ಕೆಲಸ. ಎಐ ಶಕ್ತಿ ಹುಟ್ಟಿಸುವುದಿಲ್ಲ, ಪ್ಲಾಸ್ಮಾ ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ.

2022ರಲ್ಲಿ ಡೀಪ್‌ಮೈಂಡ್ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಮೊದಲು ಕಂಪ್ಯೂಟರಿನೊಳಗಿನ ನಕಲು ಟೋಕಮ್ಯಾಕ್‌ನಲ್ಲಿ ಎಐಗೆ ತರಬೇತಿ ಕೊಟ್ಟು, ಬಳಿಕ ನಿಜವಾದ ಯಂತ್ರದ 19 ಆಯಸ್ಕಾಂತ ಸುರುಳಿಗಳನ್ನು ಅದಕ್ಕೆ ಒಪ್ಪಿಸಿದರು. ಅದು ಸೆಕೆಂಡಿಗೆ 10,000 ಬಾರಿ ಆದೇಶ ಕೊಡುತ್ತಾ ಪ್ಲಾಸ್ಮಾವನ್ನು ಬೇಕಾದ ಆಕಾರದಲ್ಲಿ ನಿಲ್ಲಿಸಿತು. 2024ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ತಂಡದ ಎಐ, ಪ್ಲಾಸ್ಮಾದಲ್ಲಿ ಬಿರುಕು ಮೂಡುವುದನ್ನು 300 ಮಿಲಿಸೆಕೆಂಡು ಮೊದಲೇ ಊಹಿಸಿ ತಪ್ಪಿಸಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ಅದು. ಮನುಷ್ಯನಿಗೆ ಸಾಲದು, ಕಂಪ್ಯೂಟರಿಗೆ ಧಾರಾಳ.

ಒಂದು ಲೀಟರ್ ನೀರಿನ ಲೆಕ್ಕ ನಿಜವೇ?

ಕಾಗದದ ಮೇಲೆ ನಿಜ. ಒಂದು ಲೀಟರ್ ನೀರಿನಲ್ಲಿ ಸುಮಾರು 33 ಮಿಲಿಗ್ರಾಂ ಡ್ಯುಟೀರಿಯಂ ಎಂಬ ಭಾರದ ಹೈಡ್ರೋಜನ್ ಇರುತ್ತದೆ. ನಂಜನಗೂಡಿನ ಕಪಿಲೆಯಲ್ಲೂ ಇದೆ, ಟಿ. ನರಸೀಪುರದ ಸಂಗಮದಲ್ಲೂ ಇದೆ, ನಿಮ್ಮ ಬೋರ್‌ವೆಲ್ಲಿನಲ್ಲೂ ಇದೆ. ಅದನ್ನು ಪೂರ್ತಿ ಸಮ್ಮಿಲನ ಮಾಡಲು ಸಾಧ್ಯವಾದರೆ ಹೆಚ್ಚುಕಡಿಮೆ 300 ಲೀಟರ್ ಪೆಟ್ರೋಲಿನ ಶಕ್ತಿ ಬರುತ್ತದೆ. ಆದರೆ ಹಾಗೆ ಮಾಡಬಲ್ಲ ವಿದ್ಯುತ್ ಸ್ಥಾವರ ಜಗತ್ತಿನಲ್ಲಿ ಒಂದೂ ಇಲ್ಲ. ಈಗಿನ ಯೋಜನೆಗಳಿಗೆ ಡ್ಯುಟೀರಿಯಂ ಜೊತೆ ಟ್ರಿಟಿಯಂ ಕೂಡ ಬೇಕು. ಅದು ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಲಿಥಿಯಂನಿಂದ ತಯಾರಿಸಿಕೊಳ್ಳಬೇಕು.

ಈಗ ಎಲ್ಲಿಗೆ ಬಂದಿದೆ?

2022ರ ಡಿಸೆಂಬರ್ 5ರಂದು ಅಮೆರಿಕದ ಪ್ರಯೋಗಾಲಯವೊಂದು ಇಂಧನದ ಗುರಿಗೆ 2.05 ಮೆಗಾಜೂಲ್ ಲೇಸರ್ ಶಕ್ತಿ ಕೊಟ್ಟು 3.15 ಮೆಗಾಜೂಲ್ ಪಡೆಯಿತು. ‘ಹಾಕಿದ್ದಕ್ಕಿಂತ ಹೆಚ್ಚು ಬಂತು’ ಎಂಬ ಸುದ್ದಿ ಇದೇ. ಆದರೆ ಆ ಲೇಸರ್ ನಡೆಸಲು ಹೊರಗಿನಿಂದ ಎಳೆದ ಕರೆಂಟ್ ಸುಮಾರು 300 ಮೆಗಾಜೂಲ್. ಸಂದೇಶಗಳು ಈ ಸಾಲನ್ನು ಬಿಟ್ಟುಬಿಡುತ್ತವೆ.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಯೋಜನೆಯಲ್ಲಿ ಭಾರತವೂ ಪಾಲುದಾರ. ಅದರ ಭಾರೀ ಹೊರಕವಚ ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ 1989ರಲ್ಲೇ ‘ಆದಿತ್ಯ’ ಟೋಕಮ್ಯಾಕ್ ನಡೆಸಿತ್ತು. ಐಟರ್‌ನ ಹೊಸ ವೇಳಾಪಟ್ಟಿಯಂತೆ ಸಂಶೋಧನೆ ಶುರುವಾಗುವುದು 2034ಕ್ಕೆ, ಟ್ರಿಟಿಯಂ ಬಳಸುವುದು 2039ಕ್ಕೆ. ಅದೂ ಪ್ರಯೋಗಕ್ಕೆ ಮಾತ್ರ, ಅಲ್ಲಿಂದ ಕರೆಂಟ್ ಮಾರುವುದಿಲ್ಲ.

ಆಕಾಶಕ್ಕೇರುವ ಸೂರ್ಯನ ವಿಡಿಯೊ?

‘ಚೀನಾ ಕೃತಕ ಸೂರ್ಯನನ್ನು ಹಾರಿಸಿತು’ ಎಂದು 2022ರ ಜನವರಿಯಲ್ಲಿ ಹರಿದಾಡಿದ ವಿಡಿಯೊ, 2021ರ ಡಿಸೆಂಬರಿನಲ್ಲಿ ಹೈನಾನ್ ದ್ವೀಪದಿಂದ ಹಾರಿಸಿದ ರಾಕೆಟ್‌ನದು. ಚೀನಾದ ಟೋಕಮ್ಯಾಕ್ ಕಟ್ಟಡದೊಳಗಿರುವ ಯಂತ್ರ. ಅದು ಹಾರುವುದಿಲ್ಲ.

ಬಿಲ್ ಸೊನ್ನೆಯಾಗುತ್ತಾ?

ಇಂಧನ ಅಗ್ಗವಾದ ಮಾತ್ರಕ್ಕೆ ಕರೆಂಟ್ ಪುಕ್ಕಟೆಯಾಗದು. ಕಾವೇರಿ ನೀರಿಗೆ ಶಿವನಸಮುದ್ರ ವಿದ್ಯುದಾಗಾರ ಇಂಧನದ ದುಡ್ಡು ಕೊಡುವುದಿಲ್ಲ, ಆದರೂ ಯಂತ್ರ, ತಂತಿ, ಸಿಬ್ಬಂದಿಗೆ ಖರ್ಚಿದೆ. ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬಂದರೂ ಆ ಹಣವನ್ನು ಸರ್ಕಾರ ಕಟ್ಟುತ್ತದೆ. ಸಮ್ಮಿಲನ ಸ್ಥಾವರದ ಯಂತ್ರವಂತೂ ಇವೆಲ್ಲಕ್ಕಿಂತ ದುಬಾರಿ.

ಹಾಗಾದರೆ ನಾವೇನು ಮಾಡಬೇಕು?

ಸಮ್ಮಿಲನಕ್ಕೆ ಕಾಯುತ್ತಾ ಇವತ್ತಿನ ನಿರ್ಧಾರ ಮುಂದೂಡಬೇಡಿ. ಮನೆ ಮೇಲೆ ಸೋಲಾರ್ ಹಾಕಿಸುವವರಿಗೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಡಿ 78,000 ರೂ.ವರೆಗೆ ಸಹಾಯಧನ ಘೋಷಣೆಯಾಗಿದೆ. ವಿವರ ಬೇಕಿದ್ದರೆ ಹತ್ತಿರದ ಸೆಸ್ಕ್ ಕಚೇರಿಯಲ್ಲಿ ವಿಚಾರಿಸಿ. ಮನೆಗೆ ‘ಫ್ಯೂಷನ್ ಕರೆಂಟ್’ ಮುಂಗಡ ಬುಕಿಂಗ್ ಎಂದು ಯಾರಾದರೂ ಲಿಂಕ್ ಕಳಿಸಿದರೆ ಒತ್ತಬೇಡಿ, ಹಣ ಕಟ್ಟಬೇಡಿ. ಹಾಗೆ ಮಾರಲು ಯಾರ ಬಳಿಯೂ ಫ್ಯೂಷನ್ ಕರೆಂಟ್ ಇಲ್ಲ.

ಗ್ರೂಪಿನಲ್ಲಿ ಈ ಸಂದೇಶ ಮತ್ತೆ ಬಂದರೆ ಇಷ್ಟು ಉತ್ತರ ಸಾಕು: “ಸಂಶೋಧನೆ ನಿಜ, ಎಐ ನೆರವೂ ನಿಜ. ಪುಕ್ಕಟೆ ಕರೆಂಟ್ ಸುಳ್ಳು.”