ಅರ್ಕಾವೊತ್ತಿನ ನಿರ್ದೇಶಕ

ಅರ್ಕಾವೊತ್ತನ್ನೇ (‘ರ್ಕ’ದಲ್ಲಿ ಕಾಣುವ ‘ರ್’ ಚಿಹ್ನೆ) ತನ್ನ ಗುರುತು ಮಾಡಿಕೊಂಡ ನಿರ್ದೇಶಕ ಯಾರು, ಗೊತ್ತೆ? ಸುನೀಲ್ ಕುಮಾರ್ ದೇಸಾಯಿ. ‘ತರ್ಕ’, ‘ಉತ್ಕರ್ಷ’, ‘ಸಂಘರ್ಷ’, ‘ನಿಷ್ಕರ್ಷ’, ‘ಪ್ರತ್ಯರ್ಥ’, ‘ಸ್ಪರ್ಶ’, ‘ಪರ್ವ’, ‘ಮರ್ಮ’, 2019ರ ‘ಉದ್ಘರ್ಷ’ - ಎಲ್ಲದರ ಮೇಲೂ ಆ ಒತ್ತು ಕೂತಿದೆ! ಪೋಸ್ಟರ್‌ನಲ್ಲಿ ನಿರ್ದೇಶಕರ ಹೆಸರು ಓದುವುದಕ್ಕೂ ಮೊದಲೇ ಇದು ಯಾರ ಸಿನಿಮಾ ಎಂದು ಊಹಿಸಬಹುದಿತ್ತು.

ಹಾಡಿಲ್ಲದೆ ಕನ್ನಡ ಚಿತ್ರ ಓಡದು ಎಂಬ ಮಾತಿದ್ದ ಕಾಲದಲ್ಲಿ, 1989ರಲ್ಲಿ, ಶಂಕರ್‌ನಾಗ್ ಅಭಿನಯದ ‘ತರ್ಕ’ದಲ್ಲಿ ಒಂದೂ ಹಾಡಿರಲಿಲ್ಲ. 1993ರ ‘ನಿಷ್ಕರ್ಷ’ದಲ್ಲೂ ಇಲ್ಲ. ಬ್ಯಾಂಕಿಗೆ ನುಗ್ಗಿದವರು, ಒಳಗೆ ಸಿಕ್ಕಿಬಿದ್ದವರು, ಬಿಡಿಸಲು ಬಂದ ಕಮಾಂಡೊ ವಿಷ್ಣುವರ್ಧನ್: ಕತೆಯ ಬಹುಪಾಲು ಮಣಿಪಾಲದ ಒಂದೇ ಕಟ್ಟಡದೊಳಗೆ. ಎದುರಾಳಿ ಬಿ.ಸಿ. ಪಾಟೀಲ್.

ಕತೆಗಳಲ್ಲೂ ಒಂದು ಜಾಡು ಇದೆ. ಇಕ್ಕಟ್ಟಿನ ಜಾಗ, ಏನನ್ನೋ ಬಚ್ಚಿಟ್ಟ ವ್ಯಕ್ತಿ, ಗಾಬರಿಗೊಂಡ ಹೆಣ್ಣು. ನಟರೂ ಮರಳಿ ಬರುತ್ತಾರೆ: ‘ತರ್ಕ’, ‘ಉತ್ಕರ್ಷ’ ಎರಡರಲ್ಲೂ ದೇವರಾಜ್ ಮತ್ತು ವನಿತಾ ವಾಸು ಇದ್ದಾರೆ.

1995ರ ‘ಬೆಳದಿಂಗಳ ಬಾಲೆ’ಯ ಹೆಸರಲ್ಲಿ ಅರ್ಕಾವೊತ್ತಿಲ್ಲ, ಕೊಲೆಯೂ ಇಲ್ಲ. ಆದರೂ ಕುತೂಹಲ ಕಡಿಮೆಯಾಗಲಿಲ್ಲ. ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿ ಆಧರಿಸಿದ ಈ ಚಿತ್ರದಲ್ಲಿ ಚೆಸ್ ಆಟಗಾರನಿಗೆ ಫೋನಿನಲ್ಲಿ ಕೇಳಿಸುವುದು ಒಂದು ಹೆಣ್ಣು ದನಿ. ನಾಯಕಿಯ ಮುಖ? ಅದನ್ನು ಪ್ರೇಕ್ಷಕರಿಗೆ ತೋರಿಸಲೇ ಇಲ್ಲ.